‘ಪೇಪರ್ ಎಲ್ಲ ಕ್ಲಿಯರ್ ಇದೆ’

ಕಳೆದ ಭಾನುವಾರ ಬೆಳಿಗ್ಗೆ ಅಕ್ಕನ ಮಗ ಮನೆಗೆ ಬಂದ. ಕೈಯಲ್ಲೊಂದು ಪ್ಲಾಸ್ಟಿಕ್ ಫೋಲ್ಡರ್, ಮುಖದಲ್ಲಿ ಮದುವೆ ಗೊತ್ತಾದವನ ಕಳೆ. "ಮಾವ, ಒಂದು ರೂಮ್ ನೋಡಿದ್ದೇನೆ, ನೀವೂ ಬನ್ನಿ. ಇವತ್ತೇ ಟೋಕನ್ ಕೊಡ್ಬೇಕಂತೆ, ಐವತ್ತೊಂದು ಸಾವಿರ" ಅಂದ. (ಮುಂಬಯಿ ಕಡೆ ನಾವು ಫ್ಲ್ಯಾಟಿಗೂ ರೂಮ್ ಅಂತಲೇ ಹೇಳೋದು, ಊರಿನವರು ನಗಬೇಡಿ.) ಡೊಂಬಿವಲಿ ಪೂರ್ವ, ಸ್ಟೇಷನ್ನಿನಿಂದ ಶೇರ್ ರಿಕ್ಷಾದಲ್ಲಿ ಇಪ್ಪತ್ತು ನಿಮಿಷ. ಏಳು ಮಾಳಿಗೆ, ಲಿಫ್ಟ್ ಇದೆ, ಕೆಳಗೆ ಗಣಪತಿ ಗುಡಿಯೂ ಇದೆ. ಬೆಲೆ ಮಾತ್ರ ಪಕ್ಕದ ರಸ್ತೆಯ ಕಾಂಪ್ಲೆಕ್ಸಿನ ಅರ್ಧಕ್ಕಿಂತ ಸ್ವಲ್ಪ ಮೇಲೆ.

"ಪೇಪರ್ ಹೇಗಿದೆ?" ಅಂತ ಕೇಳಿದೆ.

"ಪೇಪರ್ ಎಲ್ಲ ಕ್ಲಿಯರ್ ಇದೆ ಮಾವ."

ಡೊಂಬಿವಲಿಗೆ ಬಂದು ನನಗೆ ಮೂವತ್ತೈದು ವರ್ಷ ದಾಟಿತು. ಈ ಒಂದು ವಾಕ್ಯವನ್ನು ಮರಾಠಿ, ಹಿಂದಿ, ತುಳು, ಗುಜರಾತಿ, ಕುಂದಾಪುರ ಕನ್ನಡ, ಎಲ್ಲದರಲ್ಲೂ ಕೇಳಿದ್ದೇನೆ. ಹೇಳಿದವರಲ್ಲಿ ಮುಕ್ಕಾಲು ಪಾಲು ಜನ ಆ ಪೇಪರನ್ನು ಕಣ್ಣಾರೆ ನೋಡಿರಲಿಲ್ಲ. ಏಜೆಂಟ್ ಹೇಳಿದ್ದನ್ನು ಇವರು ಹೇಳೋದು, ಬಿಲ್ಡರ್ ಹೇಳಿದ್ದನ್ನು ಏಜೆಂಟ್ ಹೇಳೋದು. ಸಂತೆಯಲ್ಲಿ ಒಂದು ಬದನೆಕಾಯಿ ತಗೊಳ್ಳುವಾಗ ತಿರುಗಿಸಿ ಮುರುಗಿಸಿ ನೋಡುವ ನಾವು, ಜೀವಮಾನದ ದುಡಿಮೆ ಹಾಕಿ ಮನೆ ಕೊಳ್ಳುವಾಗ ಒಂದು ಫೋಲ್ಡರ್ ದಪ್ಪ ಇದೆ ಅಂತ ನಂಬಿಬಿಡುತ್ತೇವಲ್ಲ, ನನಗೆ ಸಿಟ್ಟು ಬರೋದು ಅದಕ್ಕೆ.

ಇವನ ಫೋಲ್ಡರ್ ಬಿಚ್ಚಿ ನೋಡಿದೆ. ಮಹಾರೇರಾ ಸರ್ಟಿಫಿಕೇಟಿನ ಪ್ರಿಂಟ್. ಮೂರನೇ ಮಾಳಿಗೆಯವರೊಬ್ಬರ ರಿಜಿಸ್ಟರ್ ಆದ ಅಗ್ರಿಮೆಂಟು. ಅವರಿಗೇ ಸಿಕ್ಕಿದ ಹೋಮ್ ಲೋನಿನ ಪತ್ರ. ಲೈಟ್ ಬಿಲ್. ಮನೆ ತೆರಿಗೆಯ ರಸೀದಿ. ಕೊನೆಯಲ್ಲಿ ಬಾಂಧಕಾಮ ಪರವಾನಗಿಯ ಮೊದಲ ಪುಟ ಮಾತ್ರ, ಅದೂ ಜೆರಾಕ್ಸಿನ ಜೆರಾಕ್ಸು, ಜಾವಕ್ ನಂಬರ್ ಇರಬೇಕಾದ ಜಾಗದಲ್ಲಿ ಒಂದು ಕಪ್ಪು ಮಸಿ. ಓಸಿ ಇರಲಿಲ್ಲ. "ಓಸಿ ಪ್ರೊಸೆಸ್‌ನಲ್ಲಿದೆಯಂತೆ" ಅಂದ. ಹೌದು ಮಾರಾಯ, ಈ ಊರಲ್ಲಿ ಇಪ್ಪತ್ತೈದು ವರ್ಷದಿಂದ ಪ್ರೊಸೆಸ್‌ನಲ್ಲೇ ಇರುವ ಓಸಿಗಳು ನನಗೆ ಗೊತ್ತು.

ಈಗ ಆ ಕಾಗದಗಳನ್ನೇ ನೋಡೋಣ. ಒಂದೊಂದೂ ಅಸಲಿಯೇ ಇರಬಹುದು. ಆದರೆ ಕಟ್ಟಡ ಸಕ್ರಮ ಅಂತ ಅವು ಯಾವುವೂ ಹೇಳುವುದಿಲ್ಲ.

ರಿಜಿಸ್ಟ್ರೇಶನ್ ಆಗಿದೆಯಲ್ಲ, ಸರ್ಕಾರವೇ ಸಿಕ್ಕಾ ಹೊಡೆದಿದೆಯಲ್ಲ ಅಂತ ಜನ ವಾದ ಮಾಡುತ್ತಾರೆ. ಸಬ್ ರಿಜಿಸ್ಟ್ರಾರ್ ಕಛೇರಿಯಲ್ಲಿ ದಾಖಲಾಗೋದು ಇಂಥವನು ಇಂಥವನಿಗೆ ಇಷ್ಟಕ್ಕೆ ಬರೆದುಕೊಟ್ಟ ಅನ್ನುವ ವ್ಯವಹಾರ. 2025ರ ಏಪ್ರಿಲ್‌ನಲ್ಲಿ ತಮಿಳುನಾಡಿನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿಯೇ ಹೇಳಿತು: ಮಾರುವವನಿಗೆ ನಿಜವಾಗಿ ಹಕ್ಕು ಇದೆಯೇ ಎಂದು ತೀರ್ಮಾನಿಸುವ ಅಧಿಕಾರ 1908ರ ನೋಂದಣಿ ಕಾಯ್ದೆಯಲ್ಲಿ ಸಬ್ ರಿಜಿಸ್ಟ್ರಾರಿಗೆ ಇಲ್ಲ. ಅಂದರೆ ನೀವು ಸ್ಟ್ಯಾಂಪ್ ಡ್ಯೂಟಿ ಕಟ್ಟಿ, ಮೇಲಿಂದ 30,000 ರೂಪಾಯಿ ತನಕ ರಿಜಿಸ್ಟ್ರೇಶನ್ ಫೀಸೂ ಕಟ್ಟಿ, ಫೋಟೊ ತೆಗೆಸಿ, ಹೆಬ್ಬೆಟ್ಟು ಒತ್ತಿ ಬಂದರೂ ಆ ಏಳು ಮಾಳಿಗೆಗೆ ಪರವಾನಗಿ ಇದೆಯೋ ಇಲ್ಲವೋ ಎಂದು ಅಲ್ಲಿ ಯಾರೂ ಹೇಳಿದಂತಾಗಲಿಲ್ಲ.

ಮನೆ ತೆರಿಗೆ? ಅದು ಇನ್ನೂ ತಮಾಷೆ. ಮಹಾರಾಷ್ಟ್ರದ ಮಹಾನಗರಪಾಲಿಕೆ ಕಾಯ್ದೆಯಲ್ಲಿ 267-ಎ ಅಂತ ಒಂದು ಕಲಮು ಇದೆ. ಅನಧಿಕೃತ ಕಟ್ಟಡದಿಂದ ತೆರಿಗೆಯ ಜೊತೆಗೆ ದಂಡವನ್ನೂ ವಸೂಲಿ ಮಾಡಬಹುದು, ಹಾಗೆ ವಸೂಲಿ ಮಾಡಿದ ಮಾತ್ರಕ್ಕೆ ಕಟ್ಟಡ ಸಕ್ರಮ ಆಗೋದಿಲ್ಲ ಅಂತ ಅದರಲ್ಲೇ ಬರೆದಿದೆ. ದುಡ್ಡೂ ಬೇಕು, ಜವಾಬ್ದಾರಿಯೂ ಬೇಡ! ನಿಮ್ಮ ತೆರಿಗೆ ಬಿಲ್ಲಿನಲ್ಲಿ ದಂಡದ ಸಾಲು ಇದೆಯಾ ನೋಡಿ. ಇದ್ದರೆ ಆ ರಸೀದಿ ನಿಮ್ಮ ಪರ ಇರೋದಲ್ಲ, ನಿಮ್ಮ ವಿರುದ್ಧದ ಸಾಕ್ಷಿ. ಲೈಟ್ ಬಿಲ್ಲಂತೂ ಹೇಳುವುದೇ ಬೇಡ. ಝೋಪಡಪಟ್ಟಿಗೂ ಮೀಟರ್ ಇದೆ.

ಬ್ಯಾಂಕ್ ಲೋನ್ ಕೊಟ್ಟಿದೆ ಅನ್ನೋದು ನಮ್ಮ ಜನರ ಬ್ರಹ್ಮಾಸ್ತ್ರ. ಬ್ಯಾಂಕಿನವರು ದಡ್ಡರಾ, ಅವರ ವಕೀಲ ನೋಡಿಲ್ವಾ ಅಂತ. ನೋಡಿರುತ್ತಾನೆ. ಅವನೂ ಇದೇ ಜೆರಾಕ್ಸನ್ನೇ ನೋಡಿರುತ್ತಾನೆ. ಕಟ್ಟಡ ಬಿದ್ದರೂ ಉಳಿದರೂ ಕಂತು ಕಟ್ಟಬೇಕಾದವರು ನೀವು, ಗ್ಯಾರಂಟಿ ನಿಂತವನು ನಿಮ್ಮ ಭಾವ. 2024ರ ಡಿಸೆಂಬರ್ 17ರಂದು ಮೀರತ್ತಿನ ಒಂದು ಅಕ್ರಮ ಕಟ್ಟಡದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಓಸಿ ಅಥವಾ ಕಂಪ್ಲೀಶನ್ ಸರ್ಟಿಫಿಕೇಟ್ ನೋಡಿದ ಮೇಲೆಯೇ ಬ್ಯಾಂಕುಗಳು ಕಟ್ಟಡದ ಮೇಲೆ ಸಾಲ ಕೊಡಬೇಕು, ನೀರು ವಿದ್ಯುತ್ತೂ ಅದನ್ನು ನೋಡಿಯೇ ಕೊಡಬೇಕು ಎಂದು ದೇಶಕ್ಕೆಲ್ಲ ನಿರ್ದೇಶನ ಕೊಟ್ಟಿತು. ಎಲ್ಲರೂ ಮೊದಲೇ ನೋಡುತ್ತಿದ್ದರೆ ಕೋರ್ಟು ಹಾಗೆ ಹೇಳಬೇಕಾಗಿ ಬರುತ್ತಿತ್ತಾ?

ಉಳಿದದ್ದು ರೇರಾ. 2017ರ ಮೇ 1ರಿಂದ ಕಾಯ್ದೆ ಪೂರ್ತಿಯಾಗಿ ಜಾರಿಗೆ ಬಂದಾಗ ನಾನೂ ಸಂಘದ ಕಾರ್ಯಕ್ರಮದಲ್ಲಿ ಸಿಕ್ಕಿದವರಿಗೆಲ್ಲ "ಇನ್ನು ಹೆದರಿಕೆ ಇಲ್ಲ, ನಂಬರ್ ಇದ್ದರೆ ಸಾಕು" ಅಂತ ಹೇಳಿಕೊಂಡು ತಿರುಗಿದವನೇ. ಆ ಮಾತನ್ನು ವಾಪಸ್ ತಗೊಳ್ಳುತ್ತೇನೆ. ಕಾರಣ ನಮ್ಮ ಡೊಂಬಿವಲಿಯೇ.

2022ರಲ್ಲಿ ಬೆಳಕಿಗೆ ಬಂದ 65 ಕಟ್ಟಡಗಳ ಪ್ರಕರಣ ಓದಿದ್ದೀರಲ್ಲ? ಕಲ್ಯಾಣ್-ಡೊಂಬಿವಲಿ ಮಹಾನಗರಪಾಲಿಕೆಯ ಹೆಸರಿನಲ್ಲಿ ನಕಲಿ ಪರವಾನಗಿ ಪತ್ರ ತಯಾರಿಸಿ, ಅದನ್ನೇ ಮಹಾರೇರಾಕ್ಕೆ ಕೊಟ್ಟು, ಅಸಲಿ ರೇರಾ ನಂಬರ್ ಪಡೆದರು. ಮೇಲೆ ಹೇಳಿದ ಎಲ್ಲವೂ ಅಲ್ಲಿ ಇತ್ತು. ರಿಜಿಸ್ಟ್ರೇಶನ್ ಆಗಿತ್ತು, ಸಾಲ ಸಿಕ್ಕಿತ್ತು, ರೇರಾ ನಂಬರ್ ಇತ್ತು, ಜನ ಗೃಹಪ್ರವೇಶ ಮಾಡಿ ಕೂತಿದ್ದರು. 2024ರ ನವೆಂಬರ್ 19ರಂದು ಬಾಂಬೆ ಹೈಕೋರ್ಟ್ ಆ ಅಕ್ರಮ ಕಟ್ಟಡಗಳನ್ನು ಮೂರು ತಿಂಗಳಲ್ಲಿ ಕೆಡವಿ ಎಂದಿತು. 2025ರಲ್ಲಿ ಸಾವಿರಾರು ಕುಟುಂಬಗಳು ಬೀದಿಗಿಳಿದವು, ಮನೆಯವರನ್ನು ನಿರಾಶ್ರಿತರಾಗಲು ಬಿಡುವುದಿಲ್ಲ ಎಂದು ಸರ್ಕಾರ ಭರವಸೆ ಕೊಟ್ಟಿತು. ಭರವಸೆಯನ್ನು ತೋರಿಸಿದರೆ ಮಗಳ ಮದುವೆಗೆ ಯಾರೂ ಆ ಮನೆಯನ್ನು ಕೊಳ್ಳೋದಿಲ್ಲ, ಅದನ್ನು ಅಲ್ಲಿ ಇರುವವರನ್ನೇ ಕೇಳಬೇಕು.

ನಾನು ಹೇಳಬೇಕಾದ್ದು ಈ ಪ್ರಕರಣದ ಇನ್ನೊಂದು ಭಾಗ. ಇದನ್ನು ಹಿಡಿದದ್ದು ಬ್ಯಾಂಕಲ್ಲ, ರಿಜಿಸ್ಟ್ರಾರಲ್ಲ, ರೇರಾ ಅಲ್ಲ. ಸಂದೀಪ್ ಪಾಟೀಲ್ ಎಂಬ ಒಬ್ಬ ಆರ್ಕಿಟೆಕ್ಟು ಮಾಹಿತಿ ಹಕ್ಕಿನ ಅರ್ಜಿ ಹಾಕಿ, "ಈ ಪರವಾನಗಿ ನೀವು ಕೊಟ್ಟದ್ದು ಹೌದಾ?" ಎಂದು ಪಾಲಿಕೆಯನ್ನೇ ಕೇಳಿದರು. ಅಲ್ಲ ಅಂತ ಗೊತ್ತಾಯಿತು, ಅವರು ಹೈಕೋರ್ಟಿಗೆ ಹೋದರು. ಆರ್‌ಟಿಐ ಅರ್ಜಿಗೆ ಶುಲ್ಕ 10 ರೂಪಾಯಿ. ಸ್ಟೇಷನ್ ಹೊರಗೆ ಒಂದು ಕಟಿಂಗ್ ಚಹಾದ ದುಡ್ಡು. ಆ ಸಾವಿರಾರು ಮನೆಯವರಲ್ಲಿ ಟೋಕನ್ ಕೊಡುವ ಮೊದಲು ನಾಲ್ಕು ಜನ ಇದನ್ನು ಮಾಡಿದ್ದರೆ ಆ ಕಟ್ಟಡಗಳಲ್ಲಿ ಎಷ್ಟೋ ರೂಮುಗಳು ಮಾರಾಟವೇ ಆಗುತ್ತಿರಲಿಲ್ಲ.

ಇಷ್ಟು ಹೇಳಿದರೆ "ನೀವು ದೊಡ್ಡ ಶ್ಯಾಣ್ಯಾ" ಅಂತೀರಿ. ಅಲ್ಲ. ನನ್ನದೂ ಒಂದು ಲೆಕ್ಕ ಇದೆ, ಹೇಳಿಬಿಡುತ್ತೇನೆ.

2004ರಲ್ಲಿ ನಮ್ಮ ಊರ ಕಡೆಯವರೇ ಒಬ್ಬರು, ಫೋರ್ಟಿನ ಒಂದು ಹೋಟೆಲಿನಲ್ಲಿ ಅಡುಗೆ ಮಾಡಿಕೊಂಡಿದ್ದವರು, ಮನೆ ತಗೊಳ್ಳಬೇಕು ಅಂತ ನನ್ನನ್ನು ಕೇಳಿದರು. ಮೂವತ್ತು ವರ್ಷ ಹೋಟೆಲಿನ ಅಟ್ಟದ ಮೇಲೆ ಮಲಗಿದ ಮನುಷ್ಯ. ನಾನು ಆಫೀಸಿನಲ್ಲಿ ಕೂತು ಕೆಲಸ ಮಾಡುವವನು, ಇಂಗ್ಲಿಷ್ ಓದಬಲ್ಲವನು, ಹಾಗಾಗಿ ನನ್ನ ಮಾತಿಗೆ ಬೆಲೆ. ಡೊಂಬಿವಲಿಯ ಅಂಚಿನ ಒಂದು ಹಳ್ಳಿಯಲ್ಲಿ ನಾಲ್ಕು ಮಾಳಿಗೆಯ ಕಟ್ಟಡ ತೋರಿಸಿದೆ. ಆ ಕಡೆಯ 27 ಹಳ್ಳಿಗಳು 2002ರಲ್ಲಿ ಪಾಲಿಕೆಯಿಂದ ಹೊರಗೆ ಹೋಗಿದ್ದವು, ಮತ್ತೆ ಒಳಗೆ ಬಂದದ್ದು 2015ರಲ್ಲಿ. ಮಧ್ಯದ ಆ ಹದಿಮೂರು ವರ್ಷ ಅಲ್ಲಿ ಏನೇನು ಎದ್ದು ನಿಂತಿತು ಅನ್ನೋದನ್ನು ಮಾನ್‌ಪಾಡಾ ಕಡೆ ಒಂದು ಸುತ್ತು ಹೋದರೆ ನೋಡಬಹುದು. ಗ್ರಾಮ ಪಂಚಾಯ್ತಿಯ ಲೆಟರ್‌ಹೆಡ್ಡಿನಲ್ಲಿ ಒಂದು ಎನ್‌ಓಸಿ ಇತ್ತು, ಸರಪಂಚರ ಸಹಿ, ಗೋಲ ಸಿಕ್ಕಾ. ಅಂಥ ಕಟ್ಟಡಕ್ಕೆ ಪಂಚಾಯ್ತಿಯ ಆ ಕಾಗದ ಸಾಕಾಗೋದಿಲ್ಲ ಅನ್ನೋದು ನನಗೆ ಆಗ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಬೇಕು ಅಂತ ಅನ್ನಿಸಲೂ ಇಲ್ಲ. "ಪೇಪರ್ ಎಲ್ಲ ಕ್ಲಿಯರ್ ಇದೆ, ತಗೊಳ್ಳಿ" ಅಂತ ಹೇಳಿದವನು ನಾನೇ.

ಅವರು ಈಗ ಊರಿಗೆ ಹೋಗಬೇಕು ಅಂತ ಇದ್ದಾರೆ. ಹೆಂಡತಿಗೆ ಮೊಣಕಾಲು ನೋವು, ಮಾಳಿಗೆ ಹತ್ತಲಾಗದು, ಲಿಫ್ಟ್ ಇಲ್ಲ. ಮನೆಗೆ ಗಿರಾಕಿ ಬರುತ್ತಾರೆ, ಬ್ಯಾಂಕ್ ಸಾಲ ಸಿಗದು ಅಂತ ತಿರುಗಿ ಹೋಗುತ್ತಾರೆ. ರೊಕ್ಕದಲ್ಲಿ ಕೊಡುವವರು ಕೇಳುವ ಬೆಲೆ ಕೇಳಿದರೆ ಕಣ್ಣಲ್ಲಿ ನೀರು ಬರುತ್ತದೆ. ಕಟ್ಟಡದ ಗೋಡೆಗೆ ಒಂದು ನೋಟೀಸೂ ಅಂಟಿದೆ. ಇಷ್ಟೆಲ್ಲ ಆದರೂ ಅವರು ನನಗೆ ಒಂದು ಮಾತು ಬೈದಿಲ್ಲ. ಸಿಕ್ಕಿದಾಗ "ಹೇಗಿದ್ದೀರಿ, ಚಹಾ ಕುಡಿದು ಹೋಗಿ" ಅಂತಾರೆ. ಆ ಚಹಾ ನನಗೆ ಇಳಿಯೋದಿಲ್ಲ.

ಆದ್ದರಿಂದ ನನ್ನ ಜಗಳ ಮೊದಲು ನನ್ನಂಥವರ ಜೊತೆ. ನಮ್ಮೂರಿನವರು ನಂಬಿ ಕೇಳುತ್ತಾರೆ, ನಾವು ಗೊತ್ತಿಲ್ಲ ಅನ್ನಲು ನಾಚಿ ಗೊತ್ತಿರುವ ಹಾಗೆ ತಲೆ ಆಡಿಸುತ್ತೇವೆ. ಇದಕ್ಕೆ ಸಮಾಜಸೇವೆ ಅಂತ ಹೆಸರು ಬೇರೆ. ಕೆಲವರು ಏಜೆಂಟನಿಂದ ಒಂದು ಪರ್ಸೆಂಟ್ ಕೂಡ ತಗೊಂಡಿರುತ್ತಾರೆ, ಅವರ ಸುದ್ದಿ ನನಗೆ ಬೇಡ.

"ಎಲ್ಲರಿಗೂ ಆದದ್ದು ನಮಗೂ ಆಗ್ತದೆ, ಇಷ್ಟು ಜನರನ್ನು ಯಾರು ಎಬ್ಬಿಸ್ತಾರೆ?" ಅನ್ನುವ ಇನ್ನೊಂದು ಪಂಗಡ ಇದೆ. ಎಬ್ಬಿಸಿದ್ದಾರೆ. ನವಿ ಮುಂಬಯಿಯ ದಿಘಾದಲ್ಲಿ 2015ರಲ್ಲಿ ಹೈಕೋರ್ಟಿನ ಆದೇಶದ ಮೇಲೆ ಜನ ಇದ್ದ ಕಟ್ಟಡಗಳನ್ನೇ ಖಾಲಿ ಮಾಡಿಸಿ ಒಡೆದರು. ಇನ್ನು ಯಾರೂ ಎಬ್ಬಿಸದಿದ್ದರೆ ಏನಾಗಬಹುದು ಅನ್ನೋದನ್ನೂ ನಾವು ನೋಡಿದ್ದೇವೆ. 2013ರ ಏಪ್ರಿಲ್ 4ರ ಸಂಜೆ ಶಿಳ್ ಫಾಟಾದ ಲಕ್ಕಿ ಕಂಪೌಂಡಿನಲ್ಲಿ ಏಳು ಮಾಳಿಗೆಯ ಕಟ್ಟಡ ಬಿತ್ತು. ಇನ್ನೂ ಕಟ್ಟುತ್ತಲೇ ಇದ್ದರು, ಕೆಳಗಿನ ಮಾಳಿಗೆಗಳಲ್ಲಿ ಆಗಲೇ ಜನರನ್ನು ತುಂಬಿದ್ದರು. 74 ಜನ ಸತ್ತರು, ಅದರಲ್ಲಿ ಮಕ್ಕಳು ಎಷ್ಟೋ. ಆವತ್ತು ರಾತ್ರಿ ಲೋಕಲಿನಲ್ಲಿ ಮುಂಬ್ರಾ ದಾಟುವಾಗ ಡಬ್ಬಿಯಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ಬಂಧನ ಆದವರಲ್ಲಿ ಬಿಲ್ಡರುಗಳ ಜೊತೆ ಥಾಣೆ ಪಾಲಿಕೆಯ ಅಧಿಕಾರಿಗಳೂ ಪೊಲೀಸರೂ ಇದ್ದರು. ಪರವಾನಗಿ ಅಂದರೆ ಬರೀ ಕಾಗದ ಅಲ್ಲ ಮಾರಾಯ್ರೆ, ಕಂಬದೊಳಗೆ ಎಷ್ಟು ಕಬ್ಬಿಣ ಇದೆ ಅಂತ ಒಬ್ಬ ಇಂಜಿನಿಯರ್ ಸಹಿ ಹಾಕಿದ್ದಾನೆ ಅನ್ನೋದೂ ಅದರಲ್ಲೇ ಬರುತ್ತದೆ.

ಉಲ್ಲಾಸನಗರವನ್ನು ಉದಾಹರಣೆ ಕೊಡುವವರೂ ಇದ್ದಾರೆ. ಅಲ್ಲಿ 2006ರಲ್ಲಿ ಅಕ್ರಮ ಕಟ್ಟಡಗಳನ್ನು ಸಕ್ರಮ ಮಾಡಲು ಪ್ರತ್ಯೇಕ ಕಾಯ್ದೆಯನ್ನೇ ತಂದರಲ್ಲ, ನಮಗೂ ತರುತ್ತಾರೆ ಅಂತ. ಕಾಯ್ದೆ ಬಂತು. ಅದೇ ಊರಲ್ಲಿ 2021ರ ಮೇ ತಿಂಗಳಲ್ಲಿ, ತೊಂಬತ್ತರ ದಶಕದಲ್ಲಿ ಕಟ್ಟಿದ ಕಟ್ಟಡಗಳ ಸ್ಲ್ಯಾಬ್ ಮೇಲಿಂದ ಕೆಳಗಿನ ತನಕ ಕುಸಿದು ಜನ ಸತ್ತರು. ಸರ್ಕಾರದ ಗೆಜೆಟ್ಟು ಸಿಮೆಂಟನ್ನು ಗಟ್ಟಿ ಮಾಡೋದಿಲ್ಲ.

ಒಂದು ವಾದಕ್ಕೆ ಮಾತ್ರ ನಾನು ಸುಮ್ಮನಾಗುತ್ತೇನೆ. ಅಕ್ಕನ ಮಗನೂ ಅದನ್ನೇ ಕೇಳಿದ: "ನನ್ನ ಸಂಬಳಕ್ಕೆ ಕ್ಲಿಯರ್ ಇರೋ ರೂಮ್ ಎಲ್ಲಿ ಸಿಗ್ತದೆ ಮಾವ?" ಇದಕ್ಕೆ ಉಪದೇಶ ಮಾಡಲು ನನಗೆ ಬಾಯಿ ಇಲ್ಲ. ನಾವು ಬಂದಾಗ ಕಾರಕೂನನ ಸಂಬಳದಲ್ಲಿ ವನ್ ರೂಮ್ ಕಿಚನ್ ಆಗುತ್ತಿತ್ತು, ಈಗ ಇಬ್ಬರು ದುಡಿದರೂ ಕಷ್ಟ. ಆದರೂ ಅವನಿಗೆ ಹೇಳಿದೆ: ಎರಡು ವರ್ಷ ಬಾಡಿಗೆಗೆ ಇರು, ಯಾರೂ ಸಾಯೋದಿಲ್ಲ. ಮ್ಹಾಡಾದ ಕೊಂಕಣ ಮಂಡಳಿಯ ಲಾಟರಿಗೆ ಅರ್ಜಿ ಹಾಕು, ಕಲ್ಯಾಣದ ಹತ್ತಿರ ಶಿರಢೋಣ್, ಖೋಣಿಯಲ್ಲಿ ಅವರ ಮನೆಗಳಿವೆ, ಸಿಡ್ಕೋದ್ದು ತಳೋಜಾದಲ್ಲಿದೆ. ದೂರ ಹೌದು, ರಿಕ್ಷಾ ತಪ್ಪಿದರೆ ಕಷ್ಟ ಹೌದು. ಇಲ್ಲವೆಂದರೆ ಹಳೆಯ ಸೊಸಾಯಿಟಿಯಲ್ಲಿ ಸಣ್ಣದೇ ತಗೋ, ಲಿಫ್ಟೂ ಇರದು, ಗುಡಿಯೂ ಇರದು, ಆದರೆ ಓಸಿ ಇರಲಿ. (ಹಳೆಯ ಸೊಸಾಯಿಟಿ ಅಂದಕೂಡಲೇ ಕನ್ವೇಯನ್ಸ್ ಆಗಿದೆಯಾ ಕೇಳಬೇಕು. ಸೊಸಾಯಿಟಿ ರಿಜಿಸ್ಟರ್ ಆಗಿ ನಾಲ್ಕು ತಿಂಗಳಲ್ಲಿ ಬಿಲ್ಡರ್ ಜಾಗವನ್ನು ಸೊಸಾಯಿಟಿಯ ಹೆಸರಿಗೆ ಮಾಡಿಕೊಡಬೇಕು ಅಂತ 1963ರ ಕಾಯ್ದೆಯ ನಿಯಮ ಹೇಳುತ್ತದೆ. ನಮ್ಮ ಸೊಸಾಯಿಟಿಯಲ್ಲಿ ಮೂವತ್ತು ವರ್ಷ ಆದರೂ ಆಗಿಲ್ಲ, ಗೇಟಿಗೆ ಗ್ರಾನೈಟ್ ಹಾಕಿಸಲು ಮಾತ್ರ ಸ್ಪೆಶಲ್ ಮೀಟಿಂಗ್ ಕರೆಯುತ್ತಾರೆ. ಅದನ್ನು ಬರೆಯಲು ಹೊರಟರೆ ಬಿಪಿ ಏರುತ್ತದೆ, ಇನ್ನೊಂದು ದಿನ.)

ಸರಿ, ಮಾಡಬೇಕಾದ್ದು ಏನು? ಅಕ್ಕನ ಮಗನನ್ನು ಕೂರಿಸಿ ಆ ದಿನ ಮಾಡಿದ್ದನ್ನೇ ಹೇಳುತ್ತೇನೆ. ಮೊದಲು ಅಗ್ರಿಮೆಂಟಿನಿಂದ ಹಳ್ಳಿಯ ಹೆಸರು, ಸರ್ವೆ ನಂಬರ್, ಹಿಸ್ಸಾ ನಂಬರ್ ಬರೆದುಕೊಂಡೆವು. ಹಿಸ್ಸಾ ನಂಬರ್ ಮುಖ್ಯ, ಮೋಸ ಆಗೋದೇ ಅಲ್ಲಿ; ಪರವಾನಗಿ ಹಿಸ್ಸಾ 2ರದ್ದು, ಕಟ್ಟಡ ನಿಂತದ್ದು ಹಿಸ್ಸಾ 5ರಲ್ಲಿ. ಮಹಾಭೂಲೇಖ್ ತಾಣದಲ್ಲಿ ಸಾತ್-ಬಾರಾ ಉತಾರ ಪುಕ್ಕಟೆ ನೋಡಬಹುದು, ಡಿಜಿಟಲ್ ಸಹಿ ಇರುವ ಪ್ರತಿಗೆ 15 ರೂಪಾಯಿ. ಊರಿನ ಪಹಣಿ ಇದ್ದ ಹಾಗೆ. ಮಾಲೀಕನ ಹೆಸರು ಯಾರದ್ದು, ‘ಇತರ ಅಧಿಕಾರ’ ಅನ್ನುವ ಕಾಲಮಿನಲ್ಲಿ ಯಾರ ಬೋಜಾ, ಯಾವ ದಾವೆ ಇದೆ ನೋಡಬೇಕು. ಜಾಗ ಸರ್ಕಾರದ್ದು ಅಂತ ಕಂಡರೆ ಅಲ್ಲಿಗೇ ಚಪ್ಪಲಿ ಹಾಕಿಕೊಂಡು ಹೊರಡಿ. ಆಮೇಲೆ ರೇರಾ ತಾಣಕ್ಕೆ ಹೋಗಿ ಬಿಲ್ಡರ್ ಅಲ್ಲಿ ಏರಿಸಿದ ಪರವಾನಗಿ ಪತ್ರವನ್ನೇ ಇಳಿಸಿಕೊಂಡೆವು. ನಂಬರ್ ಇದೆಯಾ ಅಂತ ನೋಡಿ ಬಿಡುವುದಲ್ಲ, ಒಳಗಿನ ಪತ್ರ ಓದಬೇಕು. ಇವನದರಲ್ಲಿ ಪರವಾನಗಿ ಇದ್ದದ್ದು ನೆಲಮಾಳಿಗೆ ಮತ್ತು ಮೇಲಿನ ನಾಲ್ಕಕ್ಕೆ! ಇವನು ಕೊಳ್ಳಲು ಹೊರಟದ್ದು ಆರನೆಯದರಲ್ಲಿ.

"ಹಾಗಾದ್ರೆ ಮೇಲಿನದ್ದಕ್ಕೆ ಆಮೇಲೆ ಸಿಕ್ಕಿರಬಹುದಲ್ಲ ಮಾವ?" ಅಂದ. ಸಿಕ್ಕಿರಬಹುದು. ಏಜೆಂಟನಿಗೆ ಫೋನ್ ಮಾಡಿ ಆ ಪತ್ರ ಕಳಿಸಲು ಹೇಳಿದೆವು. "ಅಂಕಲ್, ನೀವು ತುಂಬಾ ಡೌಟ್ ಮಾಡ್ತೀರಿ, ಇನ್ನೊಂದು ಪಾರ್ಟಿ ಚೆಕ್ ಹಿಡ್ಕೊಂಡು ಕೂತಿದೆ" ಅಂದ. ಈ ಇನ್ನೊಂದು ಪಾರ್ಟಿ ನಾನು ಬಂದ ಕಾಲದಿಂದಲೂ ಚೆಕ್ ಹಿಡಿದುಕೊಂಡೇ ಕೂತಿದೆ, ಪಾಪ.

ಕೊನೆಗೆ ಪಾಲಿಕೆಯ ನಗರ ರಚನಾ ವಿಭಾಗಕ್ಕೆ ಆರ್‌ಟಿಐ. ಬರೆದದ್ದು ಇಷ್ಟೇ: ಇಂಥ ಹಳ್ಳಿ, ಇಂಥ ಸರ್ವೆ, ಇಂಥ ಹಿಸ್ಸಾ, ಇಂಥ ಜಾವಕ್ ನಂಬರಿನ ಪರವಾನಗಿ ನಿಮ್ಮ ಕಛೇರಿಯಿಂದ ಹೋಗಿದೆಯೇ, ಎಷ್ಟು ಮಾಳಿಗೆಗೆ, ಮಂಜೂರಾದ ನಕ್ಷೆಯ ಪ್ರತಿ ಕೊಡಿ, ಓಸಿ ಕೊಟ್ಟಿದ್ದರೆ ಅದರ ಪ್ರತಿ ಕೊಡಿ, ಈ ಕಟ್ಟಡಕ್ಕೆ ನೋಟೀಸ್ ಹೋಗಿದ್ದರೆ ಅದನ್ನೂ ಕೊಡಿ. ಆನ್‌ಲೈನಿನಲ್ಲೇ ಹಾಕಿದೆವು. ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮೊದಲ ಅಪೀಲು. ತಿಂಗಳು ಕಾಯಲು ಆಗದು ಅನ್ನುವವರಿಗೆ ನನ್ನ ಪ್ರಶ್ನೆ, ಇಪ್ಪತ್ತು ವರ್ಷದ ಕಂತು ಕಟ್ಟಲು ಆಗುತ್ತದಾ?

ಈಗಾಗಲೇ ಇಂಥ ಮನೆಯಲ್ಲಿ ಸಿಕ್ಕಿಬಿದ್ದವರಿಗೆ ಒಂದೆರಡು ಮಾತು. ನೋಟೀಸ್ ಬಂದರೆ ಅದನ್ನು ದೇವರ ಫೋಟೊ ಹಿಂದೆ ಸಿಕ್ಕಿಸಿ ಇಡಬೇಡಿ, ಅದರಲ್ಲಿ ಹೇಳಿದ ದಿನದೊಳಗೆ ಲಿಖಿತ ಉತ್ತರ ಕೊಟ್ಟು ಸ್ವೀಕೃತಿಯ ಸಿಕ್ಕಾ ತಗೊಳ್ಳಿ. ಒಬ್ಬೊಬ್ಬರೇ ಓಡಾಡಬೇಡಿ, ಇಡೀ ಕಟ್ಟಡದವರು ಸೇರಿ ವಕೀಲರನ್ನು ಹಿಡಿಯಿರಿ. ರೇರಾ ಕಾಯ್ದೆಯ 18ನೇ ಕಲಮಿನಲ್ಲಿ, ಜಾಗದ ಹಕ್ಕು ದೋಷದ್ದಾಗಿ ನಷ್ಟ ಆದರೆ ಬಿಲ್ಡರಿನಿಂದ ಪರಿಹಾರ ಕೇಳಬಹುದು, ಅದಕ್ಕೆ ಕಾಲಮಿತಿಯ ಅಡ್ಡಿ ಇಲ್ಲ ಎಂದಿದೆ. ಬಿಲ್ಡರ್ ಸಿಕ್ಕಿದರೆ ಅನ್ನಿ. ಕಾರ್ಪೊರೇಟರ್ ಬಂದು "ನಾನಿದ್ದೇನೆ" ಅಂದರೆ ಲೆಟರ್‌ಹೆಡ್ಡಿನಲ್ಲಿ ಬರೆದುಕೊಡಿ ಅನ್ನಿ.

ಮತ್ತೆ ಪಾಲಿಕೆ, ಸರ್ಕಾರ? ಅವರ ಮೇಲಿನ ಸಿಟ್ಟು ಇವೆಲ್ಲಕ್ಕಿಂತ ದೊಡ್ಡದು. ಏಳು ಮಾಳಿಗೆ ಒಂದೇ ರಾತ್ರಿ ಏಳೋದಿಲ್ಲ. ವಾರ್ಡಿನ ಅಧಿಕಾರಿ ಅದೇ ರಸ್ತೆಯಲ್ಲಿ ದಿನಾ ಹೋಗುತ್ತಾನೆ. ನಾನು ಬಾಲ್ಕನಿಗೆ ಒಂದು ಗ್ರಿಲ್ ಹಾಕಿಸಿದಾಗ ಮೂರು ದಿನದಲ್ಲಿ ಬಂದು ಕೇಳಿದವರಿಗೆ ಒಂದು ಇಡೀ ಕಟ್ಟಡ ಕಾಣಲಿಲ್ಲ ಅಂದರೆ ನಂಬಬೇಕಾ? ಸ್ಟ್ಯಾಂಪ್ ಡ್ಯೂಟಿ ತಗೊಂಡ ಸರ್ಕಾರ, ತೆರಿಗೆ ತಗೊಂಡ ಪಾಲಿಕೆ, ಬಡ್ಡಿ ತಗೊಂಡ ಬ್ಯಾಂಕ್, ಎಲ್ಲರೂ ತಮ್ಮ ಪಾಲು ತಗೊಂಡಾದ ಮೇಲೆ ಬುಲ್ಡೋಜರ್ ಬರುವಾಗ ಬೀದಿಯಲ್ಲಿ ನಿಲ್ಲೋದು ಕೊಂಡವನೊಬ್ಬನೇ. ಕೆಡವುವ ಆದೇಶದ ಜೊತೆಗೆ, ತಗೊಂಡ ಡ್ಯೂಟಿ ತೆರಿಗೆ ವಾಪಸ್ ಕೊಡಿ ಅಂತ ಯಾಕೆ ಇರಬಾರದು? ಕಣ್ಣು ಮುಚ್ಚಿ ಕೂತ ಅಧಿಕಾರಿಯ ಪೆನ್ಶನ್ನಿನಿಂದ ಯಾಕೆ ಕೊಡಿಸಬಾರದು? ಇದನ್ನು ಕೇಳಬೇಕಾದವರು ವೋಟಿಗೆ ಬರುವವರು. ಅವರ ಬ್ಯಾನರು ಆ ಕಟ್ಟಡಗಳ ಗೇಟಿಗೇ ಕಟ್ಟಿರುತ್ತದೆ.

ಟೋಕನ್ ಕೊಟ್ಟಿಲ್ಲ. ಭಾವ ಊರಿಂದ ಫೋನ್ ಮಾಡಿ, "ನೀನೇನು ಮಾರಾಯ, ಮದುವೆ ಹತ್ತಿರ ಬಂತು, ಎಲ್ಲದಕ್ಕೂ ಕಲ್ಲು ಹಾಕ್ತೀಯಲ್ಲ, ಅಷ್ಟು ಜನ ತಗೊಂಡಿಲ್ವಾ" ಅಂತ ಹತ್ತು ನಿಮಿಷ ಕೂಗಾಡಿದರು. ಹೆಣ್ಣಿನ ಮನೆಯವರಿಗೆ ಸ್ವಂತ ರೂಮ್ ಇದೆ ಅಂತ ಆಗಲೇ ಹೇಳಿಬಿಟ್ಟಿದ್ದಾರಂತೆ! ಆರ್‌ಟಿಐ ಹಾಕಿ ಇವತ್ತಿಗೆ ಎಂಟು ದಿನ. ನಿನ್ನೆ ಫೋರ್ಟಿನ ಆ ಅಡುಗೆಯವರ ಮನೆಗೂ ಹೋಗಿದ್ದೆ. ಗೋಡೆಯ ನೋಟೀಸಿನ ಫೋಟೊ ತೆಗೆದುಕೊಂಡು ಬಂದಿದ್ದೇನೆ, ಅವರ ಪರವಾಗಿ ಉತ್ತರ ನಾನೇ ಬರೆಯಬೇಕು. ಮರಾಠಿಯಲ್ಲಿ ಬರೆಯಬೇಕು, ನನ್ನ ಮರಾಠಿ ಮಾತಿಗೆ ಸರಿ, ಸರ್ಕಾರಿ ಕಾಗದಕ್ಕೆ ಸಾಲದು. ಡೊಂಬಿವಲಿಯಲ್ಲಿ ಇಂಥ ಉತ್ತರ ಬರೆದು ಅನುಭವ ಇರುವವರು ಯಾರಾದರೂ ಇದ್ದರೆ ತಿಳಿಸಿ, ಶನಿವಾರ ಸಂಜೆ ನಾನೇ ಬಂದು ಕಾಣುತ್ತೇನೆ.